ಪಾದದ ಹತ್ತಿರದ ಬೆರಳ ಗುರುತು

ದೇವರ ತಂಬಿಗೆ, ದೀಪದ ಕಂಬ, ಆರತಿ ತಟ್ಟೆ ಎಲ್ಲ ಬಚ್ಚಲ ಕಟ್ಟೆಯ ಮೇಲೆ ಹರವಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಜಗಲಿಯಲ್ಲಿ ಫೋನು ಹೊಡೆದುಕೊಂಡಿತು.

"ಫೋನು ಬಂತೇ," ಯಜಮಾನರು ಅಲ್ಲಿಂದಲೇ ಕೂಗಿದರು.

"ಕೈಯೆಲ್ಲ ಹುಣಸೆಹಣ್ಣು. ನೀವೇ ಹಿಡೀರಿ."

ಅವರು ಸ್ಪೀಕರ್ ಹಾಕಿಕೊಂಡು ಬಚ್ಚಲ ಬಾಗಿಲಿಗೇ ಬಂದು ನಿಂತರು. ದೇವಸ್ಥಾನದ ಮೊಕ್ತೇಸರರ ದನಿ. "ಸೊಸೆ ಫೋನು ಹತ್ತತಾ ಇಲ್ಲೆ, ಅದಕ್ಕೆ ನಿಮಗೇ ಮಾಡಿದ್ದಿ. ನಿನ್ನೆ ಕಮಿಟಿ ಸಭೆ ಆತು. ಮಶೀನು ವಾಪಸ್ ಕಳಸದು ಬ್ಯಾಡ, ಇಲ್ಲೇ ಇರ್ಲಿ ಹೇಳಿ ಎಲ್ಲರೂ ಒಪ್ಪಿದ. ಅದರ ಮುಖ ಈಗ ಹ್ಯಾಂಗಿದ್ದೋ ಹಾಂಗೇ ಇರ್ಲಿ, ಒಂದು ಗೆರೆನೂ ಬದಲ್ಸದು ಬ್ಯಾಡ ಅಂದಿದ್ದ."

ನಾನು ತಂಬಿಗೆ ಹಿಡಿದುಕೊಂಡೇ ಕಣ್ಣು ಮುಚ್ಚಿದೆ. ಸೊಸೆ ಮುನ್ನಾದಿನ ಬೆಳಗಿನ ಬಸ್ಸಿಗೆ ಯಲ್ಲಾಪುರದ ಕಡೆ ಹೋಗಿದ್ದಳು. ಅರಬೈಲ್ ಘಟ್ಟದ ಹತ್ತಿರ ಅವಳ ತವರು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅದೃಷ್ಟವಿದ್ದ ದಿನ ಮಾತ್ರ. ಹಾಗಾಗಿ ಅವಳ ಗೆಲುವಿನ ಸುದ್ದಿ ಅವಳಿಗಿಂತ ಮೊದಲು ನನ್ನ ಕಿವಿಗೆ ಬಿತ್ತು. ದೇವರು ನನಗೆ ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ಎಣಿಸುವ ಚಾಳಿ ನನ್ನದು. ಇದನ್ನೂ ಅದರಲ್ಲಿ ಸೇರಿಸಿಕೊಂಡೆ.

ನಮ್ಮ ಸೊಸೆಯ ಕೆಲಸ ಏನೆಂದು ಹೇಳುವುದು ನನಗೆ ಬಹಳ ದಿನ ಕಷ್ಟವಾಗಿತ್ತು. ಶಿರಸಿ ಪೇಟೆಯಲ್ಲಿ ಒಂದು ಪುಸ್ತಕದಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಆಫೀಸು. ಅಲ್ಲಿ ಮದುವೆ ಕರೆಯೋಲೆ, ಉಪ್ಪಿನಕಾಯಿ ಬಾಟಲಿಯ ಚೀಟಿ, ಅಂಗಡಿಯ ಬೋರ್ಡು, ಇಂಥದ್ದರ ಡಿಸೈನು ಮಾಡುತ್ತಾರೆ. ಈಚೆಗೆ ಫೋನಿನ, ಮಶೀನಿನ ಪರದೆಗಳದ್ದೂ ಮಾಡುತ್ತಾರೆ. ಯಾರಾದರೂ ಕೇಳಿದರೆ ನಾನು "ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸ್ತು" ಎಂದು ಹೇಳಿ ಮುಗಿಸುತ್ತಿದ್ದೆ. ಪಕ್ಕದ ಮನೆಯ ಅತ್ತಿಗೆ ಒಂದು ದಿನ ಹಾಲಿನ ಪಾತ್ರೆ ತಿರುಗಿ ಕೊಡಲು ಬಂದವಳು, "ನಿಮ್ಮನೆ ಸೊಸೆ ಇಡೀ ದಿನ ಬಣ್ಣ ತುಂಬ್ತಡ, ಹೌದನೆ? ನಮ್ಮನೆ ಮೊಮ್ಮಗಳೂ ತುಂಬ್ತು, ಅಂಗನವಾಡಿಯಲ್ಲಿ" ಅಂದಳು. ನಾನು ನಕ್ಕು ಪಾತ್ರೆ ಇಸಿದುಕೊಂಡೆ. ಉತ್ತರ ಗೊತ್ತಿದ್ದರೆ ಹೇಳದೇ ಬಿಡುತ್ತಿರಲಿಲ್ಲ.

ಅವಳ ವಿದ್ಯೆ ಏನೆಂದು ನನಗೆ ಮೊದಲು ತಿಳಿದದ್ದು ನನ್ನ ಅಡುಗೆಮನೆಯಲ್ಲೇ. ಮದುವೆಯಾಗಿ ಬಂದ ಹೊಸತು. ನಾನು ಅಡುಗೆ ಮಾಡುವುದನ್ನು ಬಾಗಿಲಿಗೆ ಒರಗಿ ನೋಡುತ್ತಾ ನಿಲ್ಲುತ್ತಿದ್ದಳು.

"ಎಂತ ನೋಡ್ತೆ ಕೂಸೇ? ಪರೀಕ್ಷೆ ಮಾಡ್ತ್ಯ?"

"ಇಲ್ಲೆ ಅತ್ತೆ. ಸಾರಿಗೆ ಪುಡಿ ಹಾಕ್ವಾಗ ಪ್ರತೀ ಸಲ ಮೊದಲು ಮೆಣಸಿನ ಪುಡಿ ಡಬ್ಬಿ ತೆಗೀತ್ರಿ. ಆಮೇಲೆ ಬೈಕೊತ್ರಿ."

ಹೌದು. ಎರಡೂ ಒಂದೇ ನಮೂನೆಯ ಸ್ಟೀಲ್ ಡಬ್ಬಿ, ಒಂದೇ ಹಲಗೆಯ ಮೇಲೆ. ಮಗ ಯಾವತ್ತೋ ಚೀಟಿ ಬರೆದು ಅಂಟಿಸಿದ್ದ. ನಾನು ಒಂದು ದಿನವೂ ಅದನ್ನು ಓದಿದವಳಲ್ಲ. ಸೊಸೆ ಚೀಟಿ ಕಿತ್ತು ಹಾಕಿದಳು. ಮೆಣಸಿನ ಪುಡಿಯನ್ನು ಗಿಡ್ಡನೆಯ, ಮುಚ್ಚಳ ತರಿತರಿಯಾಗಿರುವ ಭರಣಿಗೆ ಸುರಿದಳು. "ಒಲೆ ಮುಂದೆ ನಿಂತಾಗ ಯಾರೂ ಓದ್ತ್ವಿಲ್ಲೆ ಅತ್ತೆ. ಕೈ ತಾನಾಗೇ ಹೋಗ್ತು. ಕೈಗೆ ಗೊತ್ತಾಗೋ ಹಾಂಗೆ ಇಡವು" ಅಂದಳು. ಅವತ್ತಿನಿಂದ ನಾನು ತಪ್ಪು ಡಬ್ಬಿ ತೆಗೆದಿಲ್ಲ. ಇಷ್ಟು ವರ್ಷ ನನ್ನನ್ನೇ ಮರೆಗುಳಿ ಎಂದು ಬೈದುಕೊಂಡದ್ದು ಸುಮ್ಮನೆ ಆಯಿತಲ್ಲ ಅನ್ನಿಸಿತು.

ದೇವಸ್ಥಾನದ ಕೆಲಸ ಬಂದದ್ದು ಹೋದ ವರ್ಷ. ಸಿದ್ದಾಪುರ ತಾಲೂಕಿನಲ್ಲಿ ನಾವು ನಡೆದುಕೊಳ್ಳುವ ದೇವಸ್ಥಾನ ಅದು. ಶನಿವಾರ, ಹುಣ್ಣಿಮೆ ಅಂದರೆ ಸೇವೆಯ ಚೀಟಿ ಮಾಡಿಸಲು ಕೌಂಟರಿನ ಮುಂದೆ ಉದ್ದ ಸಾಲು. ವಯಸ್ಸಾದವರು ಕಂಬ ಹಿಡಿದುಕೊಂಡು ನಿಲ್ಲುತ್ತಿದ್ದರು. ಅದಕ್ಕೇ ಮೊಕ್ತೇಸರರು ಒಂದು ಮಶೀನು ತರಿಸಿದರು. ಆಳೆತ್ತರದ ಗಾಜಿನ ಪರದೆ. ಅದನ್ನು ಮುಟ್ಟಿ, ಯಾವ ಸೇವೆ ಎಂದು ಆರಿಸಿ, ಹೆಸರು ನಕ್ಷತ್ರ ಕೊಟ್ಟರೆ ಚೀಟಿ ಹೊರಗೆ ಬರುತ್ತದೆ. ಆ ಪರದೆಯ ಮೇಲೆ ಏನು ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪ, ಯಾವುದನ್ನು ಮುಟ್ಟಿದರೆ ಏನಾಗಬೇಕು ಎಂಬುದೆಲ್ಲ ನಮ್ಮ ಸೊಸೆಯ ಪಾಲಿಗೆ ಬಂತು. ಅವಳು ಒಬ್ಬಳೇ ಮಾಡಿದ ಮೊದಲ ದೊಡ್ಡ ಕೆಲಸ.

ತಿಂಗಳುಗಟ್ಟಲೆ ಅದೇ ಗುಂಗು. ಬಿಳಿ ಕಾಗದ ಕತ್ತರಿಸಿ, ಚೌಕ ಚೌಕ ಗೆರೆ ಎಳೆದು, ಊಟದ ಮೇಜಿನ ಮೇಲೆ ಹಾಸಿ, "ಅತ್ತೆ, ಇದು ಮಶೀನು ಅಂದ್ಕಳಿ. ಸತ್ಯನಾರಾಯಣ ಪೂಜೆ ಮಾಡ್ಸವು. ಎಲ್ಲಿ ಮುಟ್ತ್ರಿ?" ಎಂದು ಕೇಳುವುದು. ನಾನು ಕಾಗದಕ್ಕೆ ಬೆರಳು ಇಟ್ಟರೆ ಆ ಹಾಳೆ ತೆಗೆದು ಮತ್ತೊಂದು ಹಾಸುವುದು. ತಡವರಿಸಿದರೆ "ನಿಮಗೆ ತಿಳಿದಿಲ್ಲೆ" ಎನ್ನುತ್ತಿರಲಿಲ್ಲ. ತನ್ನ ಹಾಳೆಯನ್ನೇ ಹರಿದು ಬೇರೆ ಬರೆಯುತ್ತಿದ್ದಳು. ಜನ ತಪ್ಪಿದರೆ ಪರದೆಯಲ್ಲೇ ಏನೋ ತಪ್ಪಿದೆ ಎಂದು ಅವಳ ಲೆಕ್ಕ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮುಟ್ಟುವ ಜಾಗ ಬೆರಳಿಗಿಂತ ಅಗಲ. ಸುತ್ತ ಖಾಲಿ ಬಿಡಬೇಕು, ಇಲ್ಲವಾದರೆ ಯಾವುದೂ ಕಾಣುವುದಿಲ್ಲ. ಇದು ಮಾತ್ರ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಅಂಗಳ ಪೂರ್ತಿ ತುಂಬಿಸಿ ರಂಗೋಲಿ ಹಾಕಿದರೆ ನಡುವಿನ ಕಮಲ ಕಾಣುತ್ತದೆಯೇ?

ನಾನೂ ಒಂದು ಸಲಹೆ ಕೊಟ್ಟಿದ್ದೇನೆ. ಮೊಮ್ಮಕ್ಕಳ ನಕ್ಷತ್ರ ಯಾರಿಗೆ ನೆನಪಿರುತ್ತದೆ? ಕೌಂಟರಿನಲ್ಲಿ ನಿಂತು ಹೊರಗಿದ್ದವರನ್ನು ಕೂಗಿ ಕೇಳುವವರೇ ಹೆಚ್ಚು. "ಗೊತ್ತಿಲ್ಲ ಹೇಳಲೂ ಒಂದು ಜಾಗ ಮಾಡು" ಅಂದೆ. ಅವಳು ತಕ್ಷಣ "ನಕ್ಷತ್ರ ಗೊತ್ತಿಲ್ಲ" ಎಂದು ದೊಡ್ಡದೊಂದು ಚೌಕ ಬರೆದಳು. ಅದು ಇವತ್ತಿಗೂ ಮಶೀನಿನಲ್ಲಿ ಇದೆ. ಹೋದಾಗಲೆಲ್ಲ ನೋಡಿ ಬರುತ್ತೇನೆ.

ಮಶೀನು ಬಂದು ನಿಂತಿತು. ಮೊದಲ ಪರದೆಯಲ್ಲಿ ಅಲಂಕಾರ ಮಾಡಿದ ದೇವರ ದೊಡ್ಡ ಫೋಟೋ, ಕಿರೀಟದಿಂದ ಪಾದದವರೆಗೆ. ಕೆಳಗೆ "ಚಿತ್ರವನ್ನು ಮುಟ್ಟಿ ಆರಂಭಿಸಿ" ಎಂದು ದಪ್ಪ ಅಕ್ಷರ. ಫೋಟೋ ದೊಡ್ಡದಿರಲಿ ಎಂದವರು ಮೊಕ್ತೇಸರರು. ದೊಡ್ಡದಿದ್ದರೆ ಮುದುಕರ ಬೆರಳಿಗೂ ಸುಲಭ ಎಂದು ಇವಳೂ ಒಪ್ಪಿದ್ದಳು.

ಒಬ್ಬರೂ ಮುಟ್ಟಲಿಲ್ಲ.

ಒಂದು ವಾರ ಕಳೆಯಿತು, ಎರಡಾಯಿತು. ಜನ ಮಶೀನಿನ ಮುಂದೆ ಬರುತ್ತಾರೆ, ಒಂದು ಗಳಿಗೆ ನಿಲ್ಲುತ್ತಾರೆ, ಮತ್ತೆ ಕೌಂಟರಿನ ಸಾಲಿಗೇ ಹೋಗಿ ಸೇರುತ್ತಾರೆ. ಸೊಸೆ ಅಕ್ಷರ ಇನ್ನೂ ದಪ್ಪ ಮಾಡಿದಳು. ಬಾಣದ ಗುರುತು ಹಾಕಿದಳು. ಬಣ್ಣ ಬದಲಿಸಿದಳು. ಅಲ್ಲೇ ನಿಂತು ಒಬ್ಬೊಬ್ಬರನ್ನೇ ಕೇಳಿದಳು. ನಮ್ಮ ಕಡೆಯ ಜನ ಎದುರಿಗೆ ಹಳಿಯುವವರೇ? "ಚೊಲೊ ಇದ್ದು ತಂಗಿ, ರಾಶಿ ಚೊಲೊ ಇದ್ದು" ಅನ್ನುತ್ತಾ ಸಾಲಿಗೆ ಹೋಗಿ ನಿಂತರು.

ಮೊಕ್ತೇಸರರು ಒಳ್ಳೆಯವರೇ. ಆದರೂ ಒಂದು ದಿನ ಕರೆದು ಹೇಳಿದರಂತೆ, "ತಂಗಿ, ನಮ್ಮ ಜನಕ್ಕೆ ಮಶೀನು ಒಗ್ಗಿದ್ದಿಲ್ಲೆ ಕಾಣ್ತು. ಈ ತಿಂಗಳು ನೋಡನ. ಆಗದಿದ್ರೆ ವಾಪಸ್ ಕಳಸ್ತ್ಯ." ಆಫೀಸಿನ ಮಾಲೀಕರೂ ಅಂದರಂತೆ, ಇದು ವಾಪಸ್ ಹೋದರೆ ಪರದೆಯ ಕೆಲಸ ಬೇರೆಯವರಿಗೆ, ನೀನು ಮೊದಲಿನ ಹಾಗೆ ಕರೆಯೋಲೆ ನೋಡಿಕೋ ಎಂದು. ಕರೆಯೋಲೆ ಕೀಳು ಕೆಲಸ ಎಂದಲ್ಲ. ಆದರೆ ಅವಳು ಕಲಿತದ್ದು, ಆಸೆಪಟ್ಟದ್ದು ಈ ಕೆಲಸ. ಆ ದಿನಗಳಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕಲಸುವುದು, ಬಿಡುವುದು. ನಾನು ಸಂಜೆ ದೀಪ ಹಚ್ಚುವಾಗ ಅವಳ ಹೆಸರನ್ನೂ ಸೇರಿಸಿ ಬೇಡಿಕೊಂಡೆ. ಬೇರೆ ಏನು ಮಾಡಲು ಬರುತ್ತದೆ ನನಗೆ?

ಆ ಶನಿವಾರ ನನ್ನದೊಂದು ಹರಕೆ ಇತ್ತು. "ನಾನೂ ಬತ್ತಿ ಅತ್ತೆ" ಎಂದು ಜೊತೆಗೆ ಹೊರಟಳು. ದೇವಸ್ಥಾನದಲ್ಲಿ, "ಇವತ್ತು ಮಶೀನಲ್ಲೇ ಚೀಟಿ ಮಾಡ್ಸಿ. ನಾ ಎಂತ ಹೇಳ್ತಿಲ್ಲೆ, ದೂರ ನಿಂತು ನೋಡ್ತಿ" ಅಂದಳು. ಆಯಿತು ಅಂದೆ. ಕಾಗದದ ಮೇಲೆ ಎಷ್ಟು ಸಲ ಮಾಡಿದ್ದೇನೆ, ಇದೇನು ಮಹಾ!

ಮಶೀನಿನ ಮುಂದೆ ಹೋದೆ. ಪರದೆ ಬೆಳಗಿತು. ಎದುರಿಗೆ ದೇವರು. ಎಷ್ಟು ಚಂದದ ಫೋಟೋ ಅಂದರೆ ಗರ್ಭಗುಡಿಯ ಮುಂದೆ ನಿಂತ ಹಾಗೇ ಆಯಿತು. ಸೆರಗು ಸರಿಮಾಡಿಕೊಂಡು ಕೈ ಮುಗಿದೆ. ಗಾಜಿನ ಕೆಳ ಅಂಚಿಗೆ, ಚಿತ್ರದ ಪಾದದಿಂದ ತುಸು ಕೆಳಗೆ ಬೆರಳು ತಾಗಿಸಿ ಕಣ್ಣಿಗೆ ಒತ್ತಿಕೊಂಡೆ. ಹಿಂದೆ ಸರಿದೆ. ಹೋಗಿ ಕೌಂಟರಿನ ಸಾಲಿನಲ್ಲಿ ನಿಂತೆ!

ಸೊಸೆ ಓಡಿ ಬಂದಳು. "ಅತ್ತೆ, ಎಂತಕ್ಕೆ ಮುಟ್ಟದೇ ಬಂದ್ರಿ?"

"ಎಂತ ಮುಟ್ಟದು ಮಾರಾಯ್ತಿ? ದೇವರ ಎದೆ ಮೇಲೆ ಬೆರಳಿಟ್ಟು ಒತ್ತದನೆ?"

ಬಾಯಿಂದ ಬಂದಮೇಲೆಯೇ ನನಗೂ ಗೊತ್ತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ತಿರುಗಿ ಮಶೀನಿನ ಹತ್ತಿರ ಹೋಗಿ ಗಾಜನ್ನು ಓರೆಯಾಗಿ ಬೆಳಕಿಗೆ ನೋಡಿದಳು, ನನ್ನನ್ನೂ ಕರೆದಳು. ನಡುವೆ ಗಾಜು ಕನ್ನಡಿಯ ಹಾಗೆ ಸ್ವಚ್ಛ. ಕೆಳಗೆ, ಪಾದದ ಬುಡದ ಅಂಚಿನಲ್ಲಿ ಮಾತ್ರ ಬೆರಳ ಗುರುತು. ಒಂದರ ಮೇಲೊಂದು ಎಷ್ಟೊಂದು! ಕುಂಕುಮದ್ದು, ಎಣ್ಣೆಯದ್ದು. ಮಶೀನಿನ ತಲೆಯ ಮೇಲೆ ಯಾರೋ ದಾಸವಾಳವನ್ನೂ ಇಟ್ಟು ಹೋಗಿದ್ದರು.

"ಬಂದಾಗೆಲ್ಲ ನಾನೇ ಒರೆಸ್ತಿದ್ದಿ ಅತ್ತೆ," ಅಂದಳು. "ಧೂಳು ಹೇಳಿ ಒರೆಸ್ತಿದ್ದಿ. ಎಲ್ಲರೂ ಮುಟ್ಟಿದ್ದ. ಅಂಚು ಮುಟ್ಟಿದ್ರೆ ಮಶೀನು ತೆರೀತಿಲ್ಲೆ, ಅಷ್ಟೇ."

ಮನೆಯಲ್ಲಿ ಅಷ್ಟು ಪರೀಕ್ಷೆ ಮಾಡಿಯೂ ಯಾಕೆ ಗೊತ್ತಾಗಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಕಾಗದದಲ್ಲಿ ದೇವರಿರಲಿಲ್ಲ. "ಇಲ್ಲಿ ಫೋಟೋ" ಎಂದು ಬರೆದ ಖಾಲಿ ಚೌಕ ಇತ್ತು. ಖಾಲಿ ಚೌಕವನ್ನು ಒತ್ತಲು ನನಗೇನು ಭಯ? ದೇವರಿಗೆ ನಡೆದುಕೊಳ್ಳುವ ನಾನಾದರೂ ಮೊದಲೇ ಹೇಳಬೇಕಿತ್ತು. ನನಗೂ ತೋಚಲಿಲ್ಲ. ಅವಳದ್ದು ಎಷ್ಟು ತಪ್ಪೋ ನನ್ನದೂ ಅಷ್ಟೇ, ಹಂಚಿಕೊಂಡೆವು.

ಹೊರಗೆ ಕಟ್ಟೆಯ ಮೇಲೆ ಕೂತು ಪ್ರಸಾದ ತಿನ್ನುವಾಗ ಕೇಳಿದಳು, "ಅತ್ತೆ, ದೇವಸ್ಥಾನಕ್ಕೆ ಬಂದವ್ರು ಎಂತದ್ದನ್ನ ಭಯ ಇಲ್ದೇ ಮುಟ್ತ?"

"ಗಂಟೆ," ಅಂದೆ. ಯೋಚಿಸಿ ಹೇಳಿದ್ದಲ್ಲ. ಒಳಗೆ ಬರುವಾಗ ಎಲ್ಲರ ಕೈ ಹೋಗುವುದು ಅಲ್ಲಿಗೇ. ಮೊಮ್ಮಕ್ಕಳನ್ನೂ ಎತ್ತಿ ಹಿಡಿದು ಬಾರಿಸಲು ಬಿಡುತ್ತೇವೆ.

ಅವಳು ತಿನ್ನುವುದನ್ನೂ ನಿಲ್ಲಿಸಿ ನನ್ನನ್ನೇ ನೋಡಿದಳು.

ಮೂರು ದಿನದಲ್ಲಿ ಪರದೆ ಬದಲಾಯಿತು. ದೇವರನ್ನು ಮೇಲೆ, ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿ ಕೂರಿಸಿದಳು. ಆ ಜಾಗ ಮುಟ್ಟಿದರೆ ಏನೂ ಆಗುವುದಿಲ್ಲ. ಕೆಳಗೆ ಎದೆಯ ಮಟ್ಟಕ್ಕೆ ಹಿತ್ತಾಳೆಯ ಬಣ್ಣದ ಒಂದು ಗಂಟೆ, ಸುತ್ತ ಖಾಲಿ. ಮುಟ್ಟಿದರೆ ಸಣ್ಣಗೆ ಠಣ್ ಅಂದು ಸೇವೆಗಳ ಪಟ್ಟಿ ತೆರೆಯುತ್ತದೆ.

ಮೊಕ್ತೇಸರರು ನೋಡಿ, "ಹೊರಗೊಂದು ಗಂಟೆ, ಒಳಗೊಂದು ಗಂಟೆ, ಈಗ ಮಶೀನಿಗೂ ಒಂದು. ಮಂಗಳಾರತಿನೂ ಅದೇ ಮಾಡ್ತ ತಂಗಿ?" ಎಂದು ನಕ್ಕರಂತೆ.

"ಇಲ್ಲೆ ಮಾವ, ಅರ್ಚಕರ ಕೆಲಸ ಅರ್ಚಕರಿಗೇ ಇರ್ಲಿ. ಒಂದು ಶನಿವಾರ ನೋಡನ" ಅಂದಳಂತೆ ಇವಳು.

ಆ ಶನಿವಾರ ನಾನೂ ಹೋದೆ. ಹರಕೆ ಇರಲಿಲ್ಲ, ಸುಳ್ಳು ಹೇಳುವುದಿಲ್ಲ, ನೋಡಲಿಕ್ಕೇ ಹೋದೆ. ಕಂಬದ ಮರೆಯಲ್ಲಿ ಸೊಸೆ, ಅವಳ ಪಕ್ಕ ನಾನು. ಗುಡ್ನಾಪುರದ ಕಡೆಯ ಒಬ್ಬ ಅಜ್ಜಿ ಬಂದಳು. ಮೇಲೆ ನೋಡಿ ಕೈ ಮುಗಿದಳು. ಆಮೇಲೆ ಕೈ ತಾನಾಗೇ ಗಂಟೆಗೆ ಹೋಯಿತು. ಠಣ್. ಅಜ್ಜಿ ಬೆಚ್ಚಿ, ನಕ್ಕು, ಹಿಂದೆ ತಿರುಗಿ ತನ್ನ ಜೊತೆಯವರನ್ನು ಕರೆದಳು. "ಬರ್ರಿ, ಬರ್ರಿ! ಅಂಜಬ್ಯಾಡ್ರಿ, ಗಂಟಿ ಬಾರಸ್ರಿ, ಚೀಟಿ ಬರ್ತೈತಿ!"

ಸೊಸೆ ನನ್ನ ಕೈ ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಸಂಜೆ ಹೊತ್ತಿಗೆ ಮಶೀನಿನ ಮುಂದೆಯೂ ಒಂದು ಸಣ್ಣ ಸಾಲು ಇತ್ತು. ವಯಸ್ಸಾದ ಒಬ್ಬರು ಚೀಟಿ ಹಿಡಿದುಕೊಂಡು, "ಇವತ್ತು ಕಾಲು ನೋವಾಗಲೇ ಇಲ್ಲೆ" ಎಂದು ಹೇಳಿಕೊಂಡು ಹೋದರು. ಪಕ್ಕದ ಮನೆಯ ಅತ್ತಿಗೆಯೂ ಮರುವಾರ ಹೋಗಿ ಬಂದವಳು ಬೇಲಿಯ ಆಚೆಯಿಂದಲೇ, "ಆ ಗಂಟೆ ಮಾಡಿದ್ದು ನಿಮ್ಮನೆ ಸೊಸೆಯಡ, ಹೌದನೆ?" ಅಂದಳು. "ಹೌದು," ಅಂದೆ. ಅಂಗನವಾಡಿಯ ಮಾತು ತೆಗೆಯಬಹುದಿತ್ತು. ತೆಗೆಯಲಿಲ್ಲ. ಅಷ್ಟು ತಡೆದುಕೊಳ್ಳುವ ಬುದ್ಧಿ ಕೊಟ್ಟದ್ದೂ ದೇವರೇ.

ಈಗ ಯಾರಾದರೂ ಸೊಸೆ ಏನು ಮಾಡುತ್ತಾಳೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಜನ ನಿಂತು ತಡವರಿಸುವ ಜಾಗವನ್ನು ಹುಡುಕಿ, ಅಲ್ಲಿ ಕೈಗೆ ದಾರಿ ಮಾಡಿಕೊಡುತ್ತಾಳೆ ಎನ್ನುತ್ತೇನೆ. ಅರ್ಥವಾಗದಿದ್ದವರಿಗೆ ಗಂಟೆಯ ಕತೆ ಹೇಳುತ್ತೇನೆ. "ಗಂಟೆ ಹೇಳಿದ್ದು ನಮ್ಮತ್ತೆ" ಎಂದು ಅವಳು ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದಾಳಂತೆ. ಅದನ್ನು ನಾನಾಗಿ ಹೇಳುವುದಿಲ್ಲ. ಕೇಳಿದರೆ ಮಾತ್ರ.

ಯಜಮಾನರು ಫೋನು ಇಟ್ಟು ಮತ್ತೆ ಬಚ್ಚಲ ಬಾಗಿಲಿಗೆ ಬಂದರು. "ಮತ್ತೊಂದು ಸಲ ಮಾಡಿ ನೋಡಿದಿ. ಕೂಸಿನ ಫೋನು ಇನ್ನೂ ಹತ್ತತಾ ಇಲ್ಲೆ."

"ಬ್ಯಾಡ ಬಿಡಿ. ಮಧ್ಯಾಹ್ನದ ಬಸ್ಸಿಗೆ ಬತ್ತಲ, ನಾನೇ ಹೇಳ್ತಿ," ಅಂದೆ.

ತಂಬಿಗೆ, ದೀಪ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಕೈ ಒರೆಸಿಕೊಂಡು ಹಿತ್ತಿಲಿಗೆ ಹೋದೆ. ಅವಳಿಗೆ ಒಂದೆಲಗದ ತಂಬುಳಿ ಅಂದರೆ ಪ್ರಾಣ. ಬಾವಿಕಟ್ಟೆಯ ಹತ್ತಿರ ಎಳೆ ಎಲೆ ಚಿಗುರಿತ್ತು. ಬಗ್ಗಿ ಒಂದೊಂದೇ ಕೊಯ್ದು ಸೆರಗಿಗೆ ಹಾಕಿಕೊಳ್ಳತೊಡಗಿದೆ.