ಮೀಟಿಂಗಿನಲ್ಲಿ ನಿದ್ದೆ ಹೋದ ಲ್ಯಾಪ್‌ಟಾಪ್

ಹೋದ ವರ್ಷ ಗಣಪತಿ ಕಳಿಸಿದ ಮರು ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ ಇತ್ತು. ನಾವಿರುವುದು ಪುಣೆಯ ಕೋಥರೂಡದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಮನೆ ಕೊಳ್ಳುವಾಗ ಇಬ್ಬರ ಕಾಲೂ ಗಟ್ಟಿ ಇದ್ದವು. ಗ್ಯಾಸಿನ ವಾಸನೆಯಿಂದ ಹಿಡಿದು ಭೂಕಂಪದವರೆಗೆ ಎಲ್ಲದಕ್ಕೂ ಚಿಂತೆ ಮಾಡುವ ನಾನು, ಅದು ಹೇಗೋ ಲಿಫ್ಟಿನ ಬಗ್ಗೆ ಮಾತ್ರ ಚಿಂತೆ ಮಾಡಿರಲಿಲ್ಲ.

ಅದಕ್ಕೂ ಒಂದು ವರ್ಷ ಹಿಂದೆ ನನ್ನ ಹೆಂಡತಿ ಸುನಂದಾ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟು ಸುಧಾರಿಸಿದಳು. ಆದರೆ ಮೆಟ್ಟಿಲು ಸಾಧ್ಯವಿರಲಿಲ್ಲ. ಆಸ್ಪತ್ರೆಗೆ ಹೋಗಬೇಕಾದಾಗ ನಾಲ್ಕು ಜನ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಇಳಿಸಿದರು. ಮೇಲೆ ತಂದು ಬಿಟ್ಟ ದಿನ ಅವಳು ಹೇಳಿದ್ದು ಒಂದೇ ಮಾತು: “ಇನ್ನ ಹಿಂಗ ಹೊತ್ಕೊಂಡು ಹೋಗೂದಾದ್ರ ನಾ ಕೆಳಗ ಬರೂದಿಲ್ಲರೀ.”

ಬರಲೂ ಇಲ್ಲ. ದಿನಾ ಗ್ಯಾಲರಿಯಲ್ಲಿ ಕುಳಿತು, ಹಗ್ಗಕ್ಕೆ ಕಟ್ಟಿದ ಚೀಲ ಇಳಿಬಿಟ್ಟು, ತರಕಾರಿಯವನ ಜೊತೆ ಮೂರನೇ ಮಹಡಿಯಿಂದಲೇ ಮರಾಠಿಯಲ್ಲಿ ಚೌಕಾಶಿ ಮಾಡುತ್ತಿದ್ದಳು. ಮೇಲೆ ಬಂದ ಮೆಂತ್ಯೆ ಬಾಡಿದ್ದರೆ ಚೀಲ ಹಾಗೇ ವಾಪಸು ಕೆಳಗೆ ಹೋಗುತ್ತಿತ್ತು.

ನನಗೆ ಆ ಹೊತ್ತಿಗೆ ಬಿಪಿ ಶುರುವಾಯಿತು. ಮಾತ್ರೆ ಇತ್ತು. ಆದರೂ ಒಂದು ಪ್ರದರ್ಶನದ ಮಳಿಗೆಯಲ್ಲಿ ಅಯಸ್ಕಾಂತದ ಕಡಗ ಕೊಂಡು ಎಡಗೈಗೆ ಹಾಕಿಕೊಂಡೆ. ಅದರಿಂದ ರಕ್ತದ ಒತ್ತಡ ಇಳಿಯುತ್ತದೆ ಎಂದು ಮಾರುವವನು ಹೇಳಿದ್ದ. ಒತ್ತಡವೇನೂ ಇಳಿಯಲಿಲ್ಲ, ಸುನಂದಾಳ ಸೇಫ್ಟಿ ಪಿನ್ನು, ತಲೆಪಿನ್ನುಗಳೆಲ್ಲ ಬಂದು ಅದಕ್ಕೆ ಅಂಟಿಕೊಂಡವು. “ಪಿನ್ನು ಕಳದ್ರ ಎಲ್ಲೂ ಹುಡುಕೂದು ಬ್ಯಾಡ, ನಿಮ್ಮ ಕೈ ನೋಡಿದ್ರ ಸಾಕು,” ಎಂದು ಅವಳು ನಗುತ್ತಿದ್ದಳು. ನಾನು ಮಾತ್ರ ಅದನ್ನು ಬಿಚ್ಚಲಿಲ್ಲ. ಬಿಚ್ಚಿದ ದಿನವೇ ಏನಾದರೂ ಆದರೆ?

ಕಟ್ಟಡಕ್ಕೆ ಹೊರಗಿನಿಂದ ಲಿಫ್ಟ್ ಕೂರಿಸಲು ಜಾಗವಿತ್ತು. ಖರ್ಚಿನ ಮಾತು ಮೇಲಿನ ಮಹಡಿಯವರ ನಡುವೆ ಬಗೆಹರಿದಿತ್ತು. ತಕರಾರು ಒಂದೇ, ನೆಲಮಹಡಿಯ ಗೋಖಲೆ ಕಾಕಾ ಅವರದು. ಅವರ ಹಿಂದಿನ ಕೋಣೆಯ ಕಿಟಕಿಗೆ ಲಿಫ್ಟು ಅಡ್ಡ ಬಂದು ಬೆಳಕು ಹೋಗುತ್ತದೆ ಎಂದು ಅವರು ಹಿಂದಿನ ಸಭೆಯಲ್ಲಿ ಎದ್ದು ನಿಂತಿದ್ದರು. “ಅಷ್ಟೇನೂ ಹೋಗುವುದಿಲ್ಲ ಕಾಕಾ” ಎಂದು ನಾನು ಹೇಳಿದ್ದಕ್ಕೆ ಅವರು ಕನ್ನಡಕ ತೆಗೆದು, “ಆಧೀ ದಾಖವಾ, ಮಗ ಬೋಲಾ” ಎಂದಿದ್ದರು. ಮೊದಲು ತೋರಿಸಿ, ಆಮೇಲೆ ಮಾತಾಡಿ. ಮಾತು ಅಲ್ಲಿಗೇ ನಿಂತಿತ್ತು.

ಈ ಸಲ ತೋರಿಸಿಯೇ ತೀರುವುದು ಎಂದು ನಿಶ್ಚಯಿಸಿದೆ. ಲಿಫ್ಟ್ ನಿಲ್ಲುವ ಜಾಗದಲ್ಲಿ ಕಟ್ಟಡದ ತಾರಸಿಯಿಂದ ಮನೆಯ ಜಮಖಾನೆಗಳನ್ನೆಲ್ಲ ಇಳಿಬಿಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಕಾನ ಕಿಟಕಿಯ ಮೇಲೆ ನೆರಳು ಹೇಗೆ ಸರಿಯುತ್ತದೆ ಎಂದು ಫೋಟೋ ತೆಗೆದೆ. ಕಾಕಾ ಕಿಟಕಿಯಿಂದ ಇಣುಕಿ, “ಕಟ್ಟಿಸಾಹೇಬ, ದೀಪಾವಳಿ ಸ್ವಚ್ಛತೆ ಈಗಲೇ ಶುರುವೇ?” ಎಂದು ಮರಾಠಿಯಲ್ಲಿ ಕೇಳಿದರು; ಕಟ್ಟಿ ನನ್ನ ಅಡ್ಡಹೆಸರು. ಫೋಟೋಗಳನ್ನು ಒಂದರ ಹಿಂದೊಂದು ಓಡಿಸಿದರೆ ನೆರಳು ನಡೆದು ಹೋಗುವುದು ಕಾಣುತ್ತಿತ್ತು. ಪ್ರಿಂಟ್ ಹಾಕಿಸಿದರೆ ಆ ನಡಿಗೆ ಕಾಣುವುದಿಲ್ಲ. ಸೊಸೈಟಿಯ ಹಳೆಯ ಟಿವಿಗೆ ಕೇಬಲ್ ಹಾಕಿ ತೋರಿಸಬೇಕು. ಅದಕ್ಕೆ ಮನೆಯಲ್ಲಿದ್ದದ್ದು ಮಗಳು ಮೇಘನಾ ಕಾಲೇಜಿನಲ್ಲಿದ್ದಾಗಿನ ಲ್ಯಾಪ್‌ಟಾಪ್ ಒಂದೇ.

ಮೇಘನಾ ಹಡಪಸರದಲ್ಲಿ ಐಟಿ ಕೆಲಸ ಮಾಡುತ್ತಾಳೆ, ಗಂಡನ ಜೊತೆ ಅಲ್ಲೇ ಇದ್ದಾಳೆ. ಅವಳ ಈಗಿನ ಲ್ಯಾಪ್‌ಟಾಪ್ ಕಂಪನಿಯದು, ಹೊರಗಿನ ಟಿವಿಗೆ ಹಚ್ಚಲು ಬಿಡುವುದಿಲ್ಲ. ಹಳೆಯದರಲ್ಲಿ ವಿಂಡೋಸ್ ತೆವಳುತ್ತಿದೆ ಎಂದು ಅವಳೇ ಅದನ್ನು ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದಳು. ಅಂದಿನಿಂದ ಯಂತ್ರ ಚುರುಕಾಗಿತ್ತು. ಒಂದೇ ರೋಗ. ಕೆಲಸ ಮಾಡುತ್ತ ಮಾಡುತ್ತಲೇ ಫಕ್ಕನೆ ಮಲಗಿಬಿಡುತ್ತಿತ್ತು. ಮಲಗಿದ್ದು ಏಳುತ್ತಿರಲಿಲ್ಲ. ಸಣ್ಣ ದೀಪ ಉರಿಯುತ್ತದೆ, ಫ್ಯಾನು ಗುಂಯ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು. ಪವರ್ ಗುಂಡಿ ಒತ್ತಿ ಹಿಡಿದು ಕೊಂದು ಮತ್ತೆ ಹುಟ್ಟಿಸಬೇಕು.

“ಅಪ್ಪಾ, ನಾ ಶನಿವಾರ ಬಂದು ನೋಡ್ತೀನಿ, ನೀ ಏನೂ ಮುಟ್ಟಬ್ಯಾಡ,” ಎಂದಳು ಮೇಘನಾ.

“ಶನಿವಾರ ನಿನ್ನ ಗಾಡಿ ಟ್ರಾಫಿಕ್ನ್ಯಾಗ ಸಿಕ್ಕೊಂಡ್ರ? ನಾನ ಮಾಡ್ತೀನಿ,” ಎಂದೆ.

ಮೊದಲು ಬಿಸಿಯಾಗಿ ಮಲಗುತ್ತದೆ ಎಂದುಕೊಂಡು ಅದನ್ನು ಚಪಾತಿ ಲಟ್ಟಿಸುವ ಮಣೆಯ ಮೇಲಿಟ್ಟು ಟೇಬಲ್ ಫ್ಯಾನ್ ಹಚ್ಚಿದೆ. ಮಲಗಿತು. ತಾನಾಗಿ ಮಲಗುವ ಸೆಟ್ಟಿಂಗುಗಳನ್ನೆಲ್ಲ ಹುಡುಕಿ ತೆಗೆದೆ. ಆದರೂ ಮಲಗಿತು. “ಚಪಾತಿ ಮಣಿ ಕೊಡ್ತೀರೋ, ಇಲ್ಲ ಇವತ್ತ ಲ್ಯಾಪ್‌ಟಾಪನ್ನ ಬೇಯಿಸಲೋ?” ಎಂದು ಸುನಂದಾ ಒಳಗಿನಿಂದ ಕೇಳಿದಳು. ಫೋನಿನಲ್ಲಿ ಮಗಳು ಹೇಳಿಕೊಟ್ಟಂತೆ, ಯಂತ್ರ ತನ್ನ ದಿನಚರಿ ಬರೆದಿಡುವ ಜಾಗವನ್ನು ತೆಗೆದು ನೋಡಿದೆ. ಅದನ್ನು ಲಾಗ್ ಎನ್ನುತ್ತಾರೆ. ಪ್ರತಿ ಸಲ ಮಲಗುವ ಮುಂಚೆಯೂ ಅಲ್ಲಿ ‘ಲಿಡ್ ಕ್ಲೋಸ್ಡ್’ ಎಂದು ಬರೆದಿತ್ತು. ಅಂದರೆ, ಮುಚ್ಚಳ ಮುಚ್ಚಲಾಗಿದೆ!

ಮುಚ್ಚಳ ತೆರೆದು ಅದರ ಮುಂದೆ ನಾನೇ ಕುಳಿತಿದ್ದೇನೆ. ಇದು ನನ್ನೆದುರೇ ಸುಳ್ಳು ಹೇಳುತ್ತಿದೆ. “ತೆರೆದದ್ದು ಕಾಣೂದಿಲ್ಲೇನು?” ಎಂದು ಲ್ಯಾಪ್‌ಟಾಪಿಗೇ ಗದರಿಸಿದೆ. ಮುಚ್ಚಳ ಮುಚ್ಚಿದರೆ ಯಾವ ಸ್ಥಿತಿಯಲ್ಲೂ, ಟಿವಿ ಜೋಡಿಸಿದ್ದರೂ ಸರಿ, ತಕ್ಷಣ ಮಲಗಬೇಕು ಎಂದು ಹಿಂದೊಮ್ಮೆ ಆಜ್ಞೆ ಬರೆದಿಟ್ಟವನೂ ನಾನೇ. ಚೀಲದಲ್ಲಿ ಎಚ್ಚರವಿದ್ದು ಬೆಂಕಿ ಹತ್ತೀತು ಎಂಬ ಭಯಕ್ಕೆ. ಈಗ ಆ ಸಾಲು ತಿದ್ದಿ, ‘ಮುಚ್ಚಿದರೂ ಸುಮ್ಮನಿರು’ ಎಂದು ಬರೆದೆ. ಕೀಲು ಸಡಿಲಾಗಿ ಅದಕ್ಕೆ ಹಾಗೆ ಅನಿಸುತ್ತಿರಬೇಕು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ.

ಏಳದಿರುವ ರೋಗಕ್ಕೂ ಮದ್ದು ಸಿಕ್ಕಿತು. ಈ ಯಂತ್ರಗಳಿಗೆ ಎರಡು ಬಗೆಯ ನಿದ್ದೆ ಇರುತ್ತದಂತೆ, ಒಂದು ಕೋಳಿನಿದ್ದೆ, ಇನ್ನೊಂದು ಗಾಢ ನಿದ್ದೆ. ನಮ್ಮದು ಕೋಳಿನಿದ್ದೆಯಿಂದ ಏಳಲಾರದೆ ಒದ್ದಾಡುತ್ತಿತ್ತು. ಮೇಘನಾ ಹೇಳಿದ ಒಂದು ಸಾಲು ಟೈಪ್ ಮಾಡಿ ಗಾಢ ನಿದ್ದೆಗೆ ಬದಲಾಯಿಸಿದೆ. ಮಲಗಿಸಿ ನೋಡಿದೆ, ಗುಂಡಿ ಮುಟ್ಟಿದ ಕೂಡಲೇ ಎದ್ದು ಕುಳಿತಿತು. ನನಗೇ ಅಂಥ ನಿದ್ದೆ ಬಂದು ಎಷ್ಟೋ ಕಾಲವಾಗಿದೆ.

“ಆದ್ರ ಅಪ್ಪಾ, ರೀಸ್ಟಾರ್ಟ್ ಮಾಡಿದ್ರ ಇದು ಹೋಗಿಬಿಡ್ತದ. ಪರ್ಮನೆಂಟ್ ಮಾಡೂದನ್ನ ನಾ ಬಂದಾಗ ಮಾಡ್ತೀನಿ,” ಎಂದಳು ಮೇಘನಾ.

ಅಷ್ಟು ಕೇಳಿದ್ದೇ ಸಾಕಾಯಿತು. ಸಭೆ ಮುಗಿಯುವವರೆಗೆ ಇದನ್ನು ಆರಿಸುವುದೇ ಇಲ್ಲ ಎಂದು ಪಣ ತೊಟ್ಟೆ. ಮುಚ್ಚಳದ ವಿಷಯದಲ್ಲಿ ನಾನು ತಿದ್ದಿದ ಸಾಲು ರೀಸ್ಟಾರ್ಟ್ ಮಾಡಿದರೆ ಮಾತ್ರ ಜಾರಿಗೆ ಬರುತ್ತದೆ ಎಂಬುದನ್ನು ನಾನು ಮಗಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ಮದ್ದು ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ, ಇನ್ನೊಂದು ಮಾಡದಿದ್ದರೆ ತಗಲುವುದೇ ಇಲ್ಲ. ನಡುವೆ ನಾನು.

ಶನಿವಾರ ಮೇಘನಾಗೆ ಬರಲಾಗಲಿಲ್ಲ. ದಿನ ಪೂರ್ತಿ ನಮ್ಮಿಬ್ಬರದೇ ತಾಲೀಮು. ನಾನು ಎದ್ದು ನಿಂತು ಭಾಷಣ ಮಾಡುವುದು, ಸುನಂದಾ ಕುಳಿತು ಫೋಟೋ ಸರಿಸುವುದು. ಒಮ್ಮೆಯೂ ಮಲಗಲಿಲ್ಲ. “ನನ್ನ ಮಾತು ಕೇಳ್ತದ ನೋಡ್ರಿ,” ಎಂದು ಅವಳು ಬೀಗಿದಳು. ನಾನು ತಿದ್ದಿದ ಸಾಲಿನ ಪ್ರತಾಪ ಎಂದು ನಾನು ಬೀಗಿದೆ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಮುಚ್ಚದೆ, ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಮೂರು ಮಹಡಿ ಇಳಿದೆ. ಕೆಳಗೆ ಮುಟ್ಟುವಷ್ಟರಲ್ಲಿ ಅದು ಒಮ್ಮೆ ತೂಕಡಿಸಿತ್ತು. ಎಬ್ಬಿಸಿದೆ, ಎದ್ದಿತು. ಅಂಗಳದಲ್ಲಿ ಕಾಂಪೌಂಡ್ ಗೋಡೆಗೆ ಆನಿಸಿ, ಮರದ ನೆರಳಿನಲ್ಲಿ ಟಿವಿ ಇಟ್ಟಿದ್ದರು. ಜನ ಕಟ್ಟಡಕ್ಕೆ ಬೆನ್ನು ಮಾಡಿ ಕುರ್ಚಿಗಳಲ್ಲಿ ಕುಳಿತಿದ್ದರು. ಮೊದಲ ಸಾಲಿನಲ್ಲಿ ಗೋಖಲೆ ಕಾಕಾ. ಮೇಲೆ ಗ್ಯಾಲರಿಯಲ್ಲಿ ಸುನಂದಾ.

ಲಿಫ್ಟಿನ ವಿಷಯ ಬಂತು. ನಾನು ಟೇಬಲ್ ಮುಂದೆ ನಿಂತು, ಯಂತ್ರ ಅಲುಗದಿರಲಿ ಎಂದು ಎಡಗೈಯನ್ನು ಅದರ ಮೇಲೆ ಊರಿ, ಬಲಗೈಯಿಂದ ಮೊದಲ ಫೋಟೋ ತೆಗೆದೆ. “ಇದು ಬೆಳಿಗ್ಗೆ...” ಎನ್ನುವಷ್ಟರಲ್ಲಿ ಟಿವಿ ಕಪ್ಪಾಯಿತು.

“ಇದು ರಾತ್ರಿ,” ಎಂದರು ಹಿಂದಿನ ಸಾಲಿನಿಂದ ಯಾರೋ ಮರಾಠಿಯಲ್ಲಿ. ನಗೆ ಎದ್ದಿತು.

ಎಬ್ಬಿಸಿದೆ. ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಮತ್ತೆ ಎಬ್ಬಿಸಿದೆ, ಮತ್ತೆ ಮುಚ್ಚಿತು. ಎಡಗೈಯನ್ನು ಇನ್ನೂ ಗಟ್ಟಿಯಾಗಿ ಊರಿದೆ. ಕಾಕಾ ಗಡಿಯಾರ ನೋಡಿ, “ಕಟ್ಟಿಸಾಹೇಬ, ಅದಕ್ಕೆ ನಿದ್ದೆ ಬಂದಿದೆ, ಬಿಡಿ. ಮುಂದಿನ ವರ್ಷ ನೋಡೋಣ. ಮುಂದಿನ ವಿಷಯ ತೊಗೊಳ್ಳಿ,” ಎಂದರು. ಅಧ್ಯಕ್ಷರು ಕಾಗದ ಮಗುಚಿದರು. ಮುಂದಿನ ವರ್ಷ ಎಂದರೆ ಸುನಂದಾ ಇನ್ನೊಂದು ವರ್ಷ ಹಗ್ಗ ಇಳಿಬಿಡುತ್ತ ಕೂರಬೇಕು. “ಒಂದು ನಿಮಿಷ, ನಾನು ಬಿಡುವುದಿಲ್ಲ,” ಎಂದೆ. ಹೇಳಿದೆನೇ ಹೊರತು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಆಗ ಮೇಲಿಂದ ಕೂಗು ಕೇಳಿಸಿತು, ಅಪ್ಪಟ ಧಾರವಾಡದ ಕನ್ನಡದಲ್ಲಿ, ಇಡೀ ಕೋಥರೂಡಕ್ಕೆ ಕೇಳುವಂತೆ:

“ರೀ! ಎಡಗೈ ತೆಗೀರಿ ಅದರ ಮ್ಯಾಲಿಂದ! ನೀವು ಕೈ ಊರಿದಾಗಷ್ಟ ಮಲಗ್ತದ, ನಾ ಇಲ್ಲಿಂದ ನೋಡಾಕತ್ತೀನಿ! ಆ ಕಡಗ ಬಿಚ್ಚಿ ಒಗೀರಿ! ನನ್ನ ಪಿನ್ನು ಎಳಕೊಳ್ಳೂದು ಸಾಲ್ದು ಅಂತ...!”

ಬಿಚ್ಚಿದೆ. ಟಿವಿ ಬೆಳಗಿತು, ಬೆಳಗುತ್ತಲೇ ಇತ್ತು. ಮುಚ್ಚಳ ಮುಚ್ಚಿತೋ ಇಲ್ಲವೋ ಎಂದು ತಿಳಿಯಲು ಲ್ಯಾಪ್‌ಟಾಪು ನಂಬುವುದು ಮುಚ್ಚಳದಲ್ಲಿರುವ ಒಂದು ಪುಟ್ಟ ಅಯಸ್ಕಾಂತವನ್ನು ಎಂದು ಮೇಘನಾ ಆಮೇಲೆ ವಿವರಿಸಿದಳು. ನನ್ನ ಕಡಗವನ್ನೇ ಅದು ಮುಚ್ಚಳ ಎಂದುಕೊಳ್ಳುತ್ತಿತ್ತು. ಪಾಪ, ಅದು ಸುಳ್ಳು ಹೇಳಿರಲಿಲ್ಲ.

ಆದರೆ ಆ ಕ್ಷಣ ಟಿವಿಯನ್ನು ಯಾರೂ ನೋಡುತ್ತಿರಲಿಲ್ಲ. ಕೂಗು ಕೇಳಿ ಅಷ್ಟೂ ಜನ ಕುರ್ಚಿಯಲ್ಲೇ ತಿರುಗಿ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಮೂರನೇ ಮಹಡಿಯ ಗ್ಯಾಲರಿಯಲ್ಲಿ ವಾಕರ್ ಹಿಡಿದು ನಿಂತ ಸುನಂದಾ, ಪಕ್ಕದಲ್ಲಿ ಜೋತಾಡುವ ಹಗ್ಗದ ಚೀಲ. ಎರಡನೇ ಸಾಲಿನ ಹೆಂಗಸೊಬ್ಬರು, “ವಹಿನೀ, ಕಿತೀ ದಿವಸಾಂನೀ ದಿಸಲಾತ!” ಎಂದರು. ಅತ್ತಿಗೆ, ಎಷ್ಟು ದಿನಕ್ಕೆ ಕಂಡಿರಿ!

ಸುನಂದಾ ನಕ್ಕಳು. “ಮೀ ಇಥೇಚ ಆಹೇ. ತುಮ್ಹೀ ವರ ಬಘತ ನಾಹೀ.” ನಾನು ಇಲ್ಲೇ ಇದ್ದೇನೆ, ನೀವು ಮೇಲೆ ನೋಡುವುದಿಲ್ಲ.

ನಾನು ಬರೆದುಕೊಂಡಿದ್ದ ಭಾಷಣ ಮರೆತೇಹೋಯಿತು. ಲ್ಯಾಪ್‌ಟಾಪನ್ನು ಗೋಖಲೆ ಕಾಕಾನ ಮುಂದೆ ತಿರುಗಿಸಿ, “ನೀವೇ ಒತ್ತಿ ನೋಡಿ ಕಾಕಾ” ಎಂದೆ. ಅವರು ಒಂದೊಂದೇ ಫೋಟೋ ಸರಿಸಿದರು. ಬೆಳಿಗ್ಗೆ ಅವರು ಪೇಪರ್ ಓದುವ ಹೊತ್ತಿಗೆ ಕಿಟಕಿ ಸ್ವಚ್ಛವಾಗಿತ್ತು. ಮಧ್ಯಾಹ್ನ ಊಟದ ನಂತರ ಜಮಖಾನೆಯ ನೆರಳು ಮೆಲ್ಲಗೆ ಬಂದು ಕಿಟಕಿಯನ್ನು ಪೂರ್ತಿ ಮುಚ್ಚಿತು. ಆ ಫೋಟೋ ತೆಗೆದುಹಾಕು ಎಂದು ಮೇಘನಾ ಹೇಳಿದ್ದಳು, ನಾನು ಬಿಟ್ಟಿದ್ದೆ. ಕಾಕಾನ ಬೆರಳು ಅಲ್ಲೇ ನಿಂತಿತು.

“ಇದು ಎಷ್ಟು ಹೊತ್ತಿಗೆ?”

“ಎರಡು ಗಂಟೆಗೆ ಕಾಕಾ. ಮೂರೂವರೆಗೆ ಸರಿದು ಹೋಗುತ್ತದೆ. ಸುಳ್ಳು ಹೇಳುವುದಿಲ್ಲ.”

ಕಾಕಾ ಕನ್ನಡಕ ತೆಗೆದರು. “ಅಹೋ, ಏಕ ತೇ ಚಾರ ಆಮ್ಹೀ ಝೋಪತೋ. ಉಜೇಡ ಕಶಾಲಾ ಹವಾ?” ಒಂದರಿಂದ ನಾಲ್ಕರವರೆಗೆ ನಾವು ಮಲಗುತ್ತೇವೆ, ಬೆಳಕು ಯಾಕೆ ಬೇಕು? “ಒಂದು ಪರದೆಯ ಖರ್ಚು ಉಳಿಯಿತು,” ಎಂದು ಸೇರಿಸಿ, ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಎತ್ತಿದ ಕೈಯನ್ನು ಮೇಲೆ ಗ್ಯಾಲರಿಯ ಕಡೆಗೂ ಒಮ್ಮೆ ತೋರಿಸಿದರು, ಸುನಂದಾಗೆ ಕಾಣಲಿ ಎಂದು.

ಲಿಫ್ಟ್ ಈ ಬೇಸಿಗೆಯಲ್ಲಿ ಬಂತು. ಸುನಂದಾ ಮೊದಲ ದಿನ ಇಳಿದವಳೇ ನೇರ ತರಕಾರಿ ಗಾಡಿಗೆ ಹೋಗಿ, ಮೆಂತ್ಯೆಯ ಒಂದೊಂದು ಕಟ್ಟನ್ನೂ ಕೈಯಾರೆ ತಿರುವಿ ನೋಡಿ, ಒಂದನ್ನೂ ಕೊಳ್ಳದೆ ಬಂದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಬಹಳ ದಿನದಿಂದ ನೋಡಿರಲಿಲ್ಲ. ಲ್ಯಾಪ್‌ಟಾಪ್ ಈಗ ಹೇಳಿದಾಗ ಮಲಗುತ್ತದೆ, ಕರೆದಾಗ ಏಳುತ್ತದೆ. ಕಡಗ ಫ್ರಿಜ್ಜಿನ ಬಾಗಿಲಲ್ಲಿ ಕರೆಂಟ್ ಬಿಲ್ಲು ಹಿಡಿದುಕೊಂಡಿದೆ.

ಜಾಗ್ರತೆಗೆಂದು ನಾನು ಕಟ್ಟಿಕೊಂಡದ್ದೇ ಕೆಲಸ ಕೆಡಿಸುತ್ತಿತ್ತು ಎಂದು ಆ ದಿನ ತಿಳಿಯಿತು. ತಿಳಿದ ಮೇಲೆ ಬದಲಾಗಿದ್ದೇನೆಯೇ ಎಂದು ಕೇಳಬೇಡಿ. ಸುನಂದಾ ಲಿಫ್ಟಿನೊಳಗೆ ಹೋದಾಗಲೆಲ್ಲ ನಾನು ಮೆಟ್ಟಿಲಲ್ಲಿ ಓಡಿ ಇಳಿಯುತ್ತೇನೆ. ನಡುವೆ ನಿಂತುಬಿಟ್ಟರೆ ಹೊರಗೊಬ್ಬರು ಇರಬೇಕಲ್ಲ? ಕೆಳಗೆ ಬಾಗಿಲು ತೆರೆದಾಗ ಏದುಸಿರು ಬಿಡುತ್ತ ಎದುರು ನಿಂತ ನನ್ನನ್ನು ನೋಡಿ ಅವಳು ಪ್ರತಿ ಸಲವೂ ಅದನ್ನೇ ಕೇಳುತ್ತಾಳೆ: “ಈ ಲಿಫ್ಟ್ ಹಾಕಿಸಿದ್ದು ಯಾರ ಸಲುವಾಗಿರೀ?”