ಸೊಪ್ಪು ಕಟ್ಟುವ ಕೈಯನ್ನು ಗುರುತಿಸಿದ ಸಿಸ್ಟರಮ್ಮ

ಸಿಸ್ಟರಮ್ಮನ ಎಡಗೈ ತೋರುಬೆರಳಿನ ಮೇಲೆ, ಗೆಣ್ಣಿನ ಹತ್ತಿರ, ದಾರ ಕೊಯ್ದ ಒಂದು ಗೆರೆ ಇತ್ತು. ಅಲ್ಲಿ ಚರ್ಮ ಬೆಳ್ಳಗೆ, ನುಣ್ಣಗೆ ಒಳಸರಿದಿತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಹುಟ್ಟಿದವರಿಗೆ ಈ ಗೆರೆಯ ಪರಿಚಯ ಬೇರೆ ಬೇಕಿಲ್ಲ. ಹಸಿ ಎಲೆಯನ್ನು ಬೆಂಕಿಯ ಕಾವಿನ ಬ್ಯಾರನ್ನು ಮನೆಗೆ ಏರಿಸಿ ಒಣಗಿಸುವ ಮುಂಚೆ ಎರಡೆರಡು ತೊಟ್ಟು ಸೇರಿಸಿ ಉದ್ದನೆಯ ಕಡ್ಡಿಗೆ ದಾರ ಸುತ್ತಿ ಕಟ್ಟಬೇಕು, ಒಂದು ಸಲ ಕಡ್ಡಿಯ ಈಚೆ, ಒಂದು ಸಲ ಆಚೆ. ಎಳೆಯ ವಯಸ್ಸಿನಿಂದ ಇದನ್ನು ಮಾಡಿದ ಬೆರಳಿನಲ್ಲಿ ದಾರ ತನಗೊಂದು ಜಾಗ ಮಾಡಿಕೊಂಡುಬಿಟ್ಟಿರುತ್ತದೆ. ಆಕೆ ನರ್ಸಿಂಗ್ ಓದಿ, ಮೂವತ್ತು ವರ್ಷ ಸೂಜಿ ಹಿಡಿದರೂ ಆ ಗೆರೆ ಮಾಸಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಕೊರೊನಾ ಬಂದ ವರ್ಷ, ಯುಗಾದಿಯಿಂದ ಮೂರನೇ ದಿನ. ಹಬ್ಬದ ದಿನದಿಂದಲೇ ಲಾಕ್‌ಡೌನ್ ಆಗಿ ಬ್ರಾಂದಿ ಅಂಗಡಿಗಳಿಗೆ ಬೀಗ ಬಿದ್ದಿತ್ತು. ನಮ್ಮಣ್ಣ ದಿನಾ ಕುಡಿಯುತ್ತಿದ್ದ ಮನುಷ್ಯ. ಬೈದಾಡುವವನಲ್ಲ, ಬೀದಿಯಲ್ಲಿ ಬೀಳುವವನೂ ಅಲ್ಲ. ಕತ್ತಲಾಗುತ್ತಲೇ ಹಿತ್ತಲಿಗೆ ಹೋಗಿ ಬಂದು, ಸದ್ದಿಲ್ಲದೆ ಮುದ್ದೆ ಉಂಡು ಮಲಗುತ್ತಿದ್ದ. ಹಾಗಾಗಿ ಅದು ಮನೆಯ ಐದು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ನಾವು ನಂಬಿಕೊಂಡಿದ್ದೆವು.

ಅಂಗಡಿ ಮುಚ್ಚಿದ ಮಾರನೆಯ ದಿನಕ್ಕೇ ಅವನ ಕೈ ನಡುಗಿ ಕಾಫಿ ಲೋಟ ನಿಲ್ಲಲಿಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದವನು, ಸಸಿಮಡಿಗೆ ದನ ನುಗ್ಗಿವೆ ಎಂದು ನಡುಮನೆಯ ಗೋಡೆಗೆ ಕೋಲು ಬೀಸತೊಡಗಿದ. ಮೈ ಬೆವರಿ ಸುಡುತ್ತಿತ್ತು. ಆಟೋದಲ್ಲಿ ಕೂರಿಸಿಕೊಂಡು ಹುಣಸೂರಿನ ಆಸ್ಪತ್ರೆಗೆ ಹೊರಟಾಗ ಅವ್ವ ನನ್ನ ಕಿವಿಯಲ್ಲಿ, ಜ್ವರ ಅಂತ ಮಾತ್ರ ಹೇಳು ಎಂದಳು. ಅಣ್ಣನ ಮಗಳಿಗೆ ಕೆ.ಆರ್. ನಗರದ ಕಡೆ ಗಂಡು ಗೊತ್ತಾಗಿತ್ತು. ಬೀಗರ ಮನೆಯವರು ಎಲೆಅಡಿಕೆಯನ್ನೂ ಬಾಯಿಗೆ ಹಾಕದ ಜನ. ಜ್ವರ ಅಂದರೆ ಕೊರೊನಾ ಅಂತ ಹಿಡಿದುಹಾಕುತ್ತಾರೆ ಕಣವ್ವ ಎಂದೆ. ಅವ್ವನ ಹತ್ತಿರ ಉತ್ತರ ತಯಾರಿತ್ತು.

“ಕೊರೊನಾ ಅಂದ್ರೆ ಅದಿನಾಲ್ಕು ದಿವ್ಸ ಕಣ್ಲಾ. ಕುಡುಕ ಅಂದ್ರೆ ಸಾಯೋಗಂಟ.”

ನಾನು ಜ್ವರ ಎಂದೇ ಬರೆಸಿದೆ. ಆ ದಿನಗಳಲ್ಲಿ ಆ ಮಾತು ಕಿವಿಗೆ ಬಿದ್ದರೆ ಸಾಕು, ಮನುಷ್ಯನನ್ನು ಹಿಂದುಗಡೆಯ ಒಂಟಿ ಕೋಣೆಗೆ ಕಳಿಸುತ್ತಿದ್ದರು. ಕುಡಿಯುತ್ತಾರಾ ಎಂದು ಡಾಕ್ಟರು ಕೇಳಿಯೇ ಕೇಳಿದರು. ನಾವು ಇಲ್ಲ ಎಂದೆವು. ಅವರ ತಪ್ಪೇನೂ ಇಲ್ಲ. ಮೂಗಿನ ಪರೀಕ್ಷೆಗೆ ಕೊಟ್ಟು, ಜ್ವರದ ಮಾತ್ರೆ ನುಂಗಿಸಿ, ಅಣ್ಣನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದರು. ನಾವು ಹೊಂಗೆಮರದ ಕೆಳಗೆ ಕೂತೆವು.

ಮಧ್ಯಾಹ್ನದ ಹೊತ್ತಿಗೆ ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟ ಒಬ್ಬರು ದಡದಡನೆ ನಮ್ಮ ಕಡೆ ಬಂದರು. ಮುಖ ಕಾಣುತ್ತಿರಲಿಲ್ಲ, ದನಿಯಿಂದ ಹೆಂಗಸು ಅಂತ ಗೊತ್ತಾಯಿತು. ಅವರೇ ಸಿಸ್ಟರಮ್ಮ. ನಿಮ್ಮದು ಹೊಗೆಸೊಪ್ಪಿನ ಮನೆಯಾ ಎಂದು ಕೇಳಿದರು. ಕಾಯಿಲೆಗೂ ಇದಕ್ಕೂ ಏನು ಸಂಬಂಧ ಎಂದುಕೊಳ್ಳುತ್ತಲೇ ಹೌದೆಂದೆ.

“ನಿಮ್ಮಣ್ಣ ಒಳಗೆ ಸೊಪ್ಪು ಕಟ್ತಾ ಅವ್ರೆ. ಕಡ್ಡೀನೂ ಇಲ್ಲ, ದಾರಾನೂ ಇಲ್ಲ, ಒಂದೆಲೆ ತಪ್ಪಿಲ್ಲ. ಕಿಟಕೀಲಿ ನೋಡ್ದೆ. ಇದು ಜ್ವರ ಅಲ್ಲ ಕಣಪ್ಪ.”

ನಾನು ನೆಲ ನೋಡಿದೆ. ಅವ್ವ ಮಾತ್ರ ಸೆಟೆದು ಕೂತು, ನಮ್ಮನೆಯಲ್ಲಿ ಯಾರೂ ಕುಡಿಯುವುದಿಲ್ಲ ಎಂದಳು. ಯಾರೂ ಕುಡಿತದ ಮಾತೇ ಎತ್ತಿರಲಿಲ್ಲ ಎನ್ನುವುದು ಅವಳಿಗೆ ಹೊಳೆಯಲಿಲ್ಲ.

ಸಿಸ್ಟರಮ್ಮ ವಾದ ಮಾಡಲಿಲ್ಲ. ಎರಡು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತರು. ಎಡಗೈಯ ಗ್ಲೌಸು ಕಿತ್ತು ಬೆರಳನ್ನು ಅವ್ವನ ಕಡೆ ಚಾಚಿದರು.

“ನಾನೂ ನಿಮ್ಮಂಥ ಮನೆಯೋಳೇ ಕಣವ್ವ. ನಮ್ಮಪ್ಪನೂ ಕುಡೀತಿರ್ಲಿಲ್ಲ, ಊರೋರ ಮುಂದೆ. ದಿನಾ ಕುಡಿಯೋರು ತಟ್ಟನೆ ಬುಟ್ರೆ ಇಂಗೇ ಆಯ್ತದೆ. ಎಂಗೆ ಕುಡುದ್ರು, ಯಾಕ್ ಕುಡುದ್ರು, ನಂಗೇನೂ ಬ್ಯಾಡ. ಕೊನೇ ಸಲ ಯಾವಾಗ? ಅಷ್ಟೇಳಿ ಸಾಕು. ಇನ್ನು ಸ್ವಲ್ಪ ಒತ್ತು ಬುಟ್ರೆ ಕೇಳೋಕೂ ಆಗಾಕಿಲ್ಲ.”

ಅವ್ವ ಆ ಗೆರೆಯನ್ನೇ ನೋಡಿದಳು. ಅಂಥದೇ ಗೆರೆಯಿದ್ದ ತನ್ನ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ಅಬ್ಬಕ್ಕೆ ಮುಂಚಿನ ದಿನ. ಸಾಯಂಕಾಲ.”

ಅವರು ಎದ್ದು ಓಡಿದರು. ನಾನು ಕಿಟಕಿಯ ಹತ್ತಿರ ನಿಂತು ನೋಡಿದೆ. ಡಾಕ್ಟರು ಬರುವಷ್ಟರಲ್ಲೇ ಅಣ್ಣನಿಗೆ ಫಿಟ್ಸ್ ಬಂತು. ಸಿಸ್ಟರಮ್ಮ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡರು. ನಡುಕಕ್ಕೆ ಒಂದು ಇಂಜೆಕ್ಷನ್, ಆಮೇಲೆ ವಿಟಮಿನ್, ಅದಾದ ಮೇಲೆಯೇ ಗ್ಲೂಕೋಸ್ ಬಾಟಲಿ. ಈ ಸರದಿ ತಪ್ಪಬಾರದು ಎನ್ನುವುದು ಅವರ ಹಟ. ಆವತ್ತು ಮಧ್ಯಾಹ್ನ ನಾವು ಇನ್ನೊಂದು ತಾಸು ಮಾನ ಕಾಪಾಡಿಕೊಂಡಿದ್ದರೆ ಅಣ್ಣ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಆಮೇಲೆ ಹೇಳಿದರು.

ಅಣ್ಣ ಎಂಟು ದಿನ ಅಲ್ಲಿದ್ದ. ಆ ಎಂಟು ದಿನದಲ್ಲಿ ಅಂಥವರು ಬರುತ್ತಲೇ ಇದ್ದರು. ಪಿರಿಯಾಪಟ್ಟಣದಿಂದ ಒಬ್ಬ ಮೇಷ್ಟ್ರು, ಹ್ಯಾಂಡ್‌ಪೋಸ್ಟ್ ಕಡೆಯಿಂದ ಲಾರಿ ಡ್ರೈವರು, ಕಾಡಂಚಿನ ಹಾಡಿಯಿಂದ ಕೂಲಿಯ ಗಂಡ ಹೆಂಡತಿ. ಬರುವಾಗ ಎಲ್ಲರಿಗೂ ಜ್ವರ, ಹೊಟ್ಟೆನೋವು, ಇಲ್ಲವೇ ಗಾಳಿ ಸೋಕು. ಸಿಸ್ಟರಮ್ಮ ಡಾಕ್ಟರನ್ನು ಒಪ್ಪಿಸಿ ಅವರಿಗೆಂದೇ ಒಂದು ಉದ್ದನೆಯ ಕೋಣೆ ಬಿಡಿಸಿಕೊಂಡರು. ಮೊದಲ ದಿನವೇ ಯಾರೋ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಅರ್ಧ ಬಾಟಲಿ ಕುಡಿದುಬಿಟ್ಟರು. ಅವತ್ತಿನಿಂದ ಬಾಟಲಿಗಳೆಲ್ಲ ಬೀರುವಿಗೆ ಹೋದವು, ನಲ್ಲಿಯ ಹತ್ತಿರ ಒಂದು ಸೋಪು ಬಂತು. ಹೊಸಬರು ಕೇಳಿದರೆ ಸಿಸ್ಟರಮ್ಮ, ಈ ವಾರ್ಡಿನವರ ಹೊಟ್ಟೆ ಆಗಲೇ ಶುದ್ಧವಾಗಿದೆ, ಕೈಗೆ ಸೋಪು ಸಾಕು ಎನ್ನುತ್ತಿದ್ದರು.

ಯಾರನ್ನೂ ಅವರು ಕುಡೀತೀರಾ ಎಂದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಕೊನೇ ಸಲ ಯಾವಾಗ. ಯಾಕೆ ಹಾಗೆ ಎಂದೆ ಒಮ್ಮೆ. ಕುಡೀತೀರಾ ಅಂದರೆ ಮನುಷ್ಯ ಇಲ್ಲ ಅನ್ನುತ್ತಾನೆ, ಯಾವಾಗ ಅಂದರೆ ದಿನ ಎಣಿಸಲು ಕೂರುತ್ತಾನೆ, ಎಣಿಸುವ ಭರದಲ್ಲಿ ಸುಳ್ಳು ಹೇಳುವುದು ಮರೆತುಹೋಗುತ್ತದೆ ಎಂದು ನಕ್ಕರು.

ಮನೆಗೆ ಕಳಿಸುವ ದಿನ ಅವ್ವ ಮೆತ್ತಗೆ, ಚೀಟಿಯಲ್ಲಿ ಜ್ವರ ಅಂತ ಬರೆದುಕೊಡಿ, ಮದುವೆ ಇದೆ ಎಂದು ಬೇಡಿದಳು. ಸಿಸ್ಟರಮ್ಮ ಒಪ್ಪಲಿಲ್ಲ. ಬೀಗರಿಗೆ ಏನು ಹೇಳುತ್ತೀರೋ ಅದು ನಿಮ್ಮ ಮನೆಯ ವಿಚಾರ, ಚೀಟಿ ಮಾತ್ರ ಆಸ್ಪತ್ರೆಯದು ಎಂದರು. ಅವ್ವ ಆ ಚೀಟಿಯನ್ನು ರಾಗಿ ಡ್ರಮ್ಮಿನ ತಳಕ್ಕೆ ಸೇರಿಸಿದಳು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಅಂಗಡಿ ತೆರೆದಾಗ ಅಣ್ಣ ಬಿಸಿಲಲ್ಲಿ ಸಾಲು ನಿಂತ. ಮತ್ತೆ ನಡುಗುತ್ತಾ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ನನಗೇ ನಾಚಿಕೆಯಾಗಿ ಹಿಂದೆ ನಿಂತೆ. ಸಿಸ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಇವತ್ತು ಬೆಳಿಗ್ಗೆ ಎಂದ ಅಣ್ಣ.

“ನೀವೇ ಬಂದು ನೀವೇ ನಿಜ ಏಳಿದ್ರಲ್ಲ. ಓದ್ಸಲ ನಿಮ್ಮವ್ವ ಏಳ್ಬೇಕಾಯ್ತು,” ಎಂದು ಹಾಸಿಗೆ ತೋರಿಸಿದರು.

ಆ ಎರಡನೇ ಸಲದ ನಂತರ ಅಣ್ಣ ಮುಟ್ಟಿಲ್ಲ. ತಿಂಗಳಿಗೊಮ್ಮೆ ಹೋಗಿ ನಡುಕವಿಲ್ಲದ ಎರಡೂ ಕೈ ಮುಂದೆ ಚಾಚಿ ತೋರಿಸಿ ಬರುತ್ತಿದ್ದ. ಮದುವೆಯೂ ಆಯಿತು. ಬೀಗರಿಗೆ ನಾವು ಏನೂ ಹೇಳಲಿಲ್ಲ.

ಸಿಸ್ಟರಮ್ಮ ನಿವೃತ್ತಿಯಾಗಿ ಕೆ.ಆರ್. ನಗರದ ಕಡೆ ಮಗಳ ಮನೆ ಸೇರಿದರು. ಹೋದ ವರ್ಷ, ಸಕ್ಕರೆ ಕಾಯಿಲೆಯಿಂದ ಸೋತು ತೀರಿಕೊಂಡರು. ಸುದ್ದಿ ತಿಳಿದು ನಾನೂ ಅಣ್ಣನೂ ಹೋದೆವು. ಅದು ಬೀಗರ ಊರೇ ಆಗಿತ್ತು. ಮನೆಯ ಮುಂದೆ ಗೋಡೆಯುದ್ದಕ್ಕೂ ಗಂಡಸರು ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದರು. ಬೀಗರು ನಮ್ಮನ್ನು ಕಂಡು ಬೆರಗಾಗಿ ಬಂದು, ನಿಮಗೆ ಈಯಮ್ಮ ಹೇಗೆ ಪರಿಚಯ ಎಂದರು. ಅಣ್ಣನಿಗೆ ಜ್ವರ ಬಂದಿದ್ದಾಗ ಎಂದು ಶುರುಮಾಡಿದೆ. ಅಷ್ಟು ವರ್ಷ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಣ್ಣ ನನ್ನ ತೋಳು ಹಿಡಿದು ನಿಲ್ಲಿಸಿದ.

“ನಾನು ಕುಡೀತಿದ್ದೆ ಬೀಗ್ರೇ. ಸಾಯಾಕೆ ಬಿದ್ದಿದ್ದೆ. ಈಯಮ್ಮ ಎತ್ಕೊಂಡ್ರು.”

ಬೀಗರು ಗೋಡೆಯ ಕಡೆ ಕತ್ತು ಹೊರಳಿಸಿದರು.

“ಅದ್ನ ನೀವು ಬಾಯ್ಬುಟ್ಟು ಬೇರೆ ಏಳ್ಬೇಕಾ? ಈಯಮ್ಮನ್ನ ನೋಡಾಕೆ ದೂರದೂರಿಂದ ಬರೋ ಗಂಡಸ್ರೆಲ್ಲ ಅಂಥೋರೇಯ. ಆ ಮೂಲೇಲಿ ನಿಂತವ್ನಲ್ಲ, ಅವ್ನು ನನ್ ತಮ್ಮ.”

ಅಣ್ಣ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ. ನೆಟ್ಟಗೆ ಆ ಮೂಲೆಗೆ ಹೋಗಿ, ಬೀಗರ ತಮ್ಮನ ಕೈ ಹಿಡಿದುಕೊಂಡ. ಇಬ್ಬರೂ ಹೂ ಹಾಕಲು ಒಳಗೆ ಹೋದರು.