ಐವತ್ತೆರಡು ಹೆಸರಿನ ಲಗ್ನಪತ್ರಿಕೆ

ಇವತ್ತು ನನ್ನ ಮಾನ ಉಳಿಯಿತು, ಗೆಳೆಯರೇ.

ಶಹಾಪುರದ ನನ್ನ ಟೈಪಿಂಗ್ ಅಂಗಡಿಗೆ ಶಿರವಾಳದ ಮಲ್ಲಪ್ಪ ಕಾಕಾ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಸುಖಾಗಮನ ಬಯಸುವವರ ಐವತ್ತೆರಡು ಹೆಸರುಗಳನ್ನು ಹಿರಿತನದ ಕ್ರಮದಲ್ಲಿ, ಚೀಟಿಯಿಲ್ಲದೆ ಬಾಯಲ್ಲೇ ಹೇಳಿದರು. ಎರಡು ತಾಸು ಹಿಡಿಯಿತು. ಕೊನೆಗೆ, "ನನ್ನ ತಮ್ಮ ಬಸಣ್ಣನ ಹೆಸರು ತಗಿಯವ್ವ. ನಿಶ್ಚಯಕ್ಕ ಬಂದಿಲ್ಲ ಅಂವ" ಎಂದರು. ತೆಗೆದೆ. ಅಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ನಾನು ಒಮ್ಮೆಯೂ ಸೇವ್ ಮಾಡಿರಲಿಲ್ಲ.

"ಮತ್ತ ಮೊದಲಿಂದ ಹೇಳಬೇಕೇನವ್ವ?" ಕಾಕಾ ಟವೆಲ್‌ನಿಂದ ಬೆವರು ಒರೆಸಿಕೊಂಡರು.

ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ನಿಂತುಹೋದ ಫೈಲ್ ತೆರೆಯಬೇಕೇ ಎಂದು ಅದೇ ಕೇಳಿತು. ಒತ್ತಿದೆ. ಐವತ್ತೆರಡೂ ಹೆಸರು ಬಂದವು, ಬಸಣ್ಣನದೂ ಸೇರಿ. ಅಳಿಸುವ ಸ್ವಲ್ಪ ಮೊದಲಿನ ಪ್ರತಿಯನ್ನು ಅದು ತಾನಾಗಿ ಉಳಿಸಿಕೊಂಡಿತ್ತು.

"ಬಸಣ್ಣನ ಹೆಸರು ಮತ್ತ ತಗೀಲೇನ್ರಿ ಕಾಕಾ?"

ಕಾಕಾ ಪರದೆಯ ಮೇಲಿನ ತಮ್ಮನ ಹೆಸರಿಗೆ ಬೆರಳು ಮುಟ್ಟಿಸಿದರು. "ಇರ್ಲಿ ಬಿಡವ್ವ. ಯಾರರ ಕೇಳಿದ್ರ, ಮಿಶಿನ್ ತಗ್ಯಾಕ ಬಿಡಲಿಲ್ಲ ಅಂತೀನಿ."

ಹೋಗುವಾಗ ಮಿಶಿನ್‌ಗೆ ಕೈಮುಗಿದು ಹೋದರು. ಸೇವ್ ಮಾಡದ ನನ್ನ ತಪ್ಪನ್ನು ಮಾತ್ರ ಯಾರೂ ಕೇಳಲಿಲ್ಲ.